ಮೆತ್ತನೆಯ ಬೇರು

ಜುಲೈ ೭, ೨೦೨೫, ಸೋಮವಾರ

ಇವತ್ತೂ ಅದೇ. ಅರವತ್ತು ಗಿಡ, ಅರವತ್ತೂ ಒಂದೇ.

ಗಿಡಗಳ ಡಿಎನ್‌ಎ ಗೆರೆಗೆರೆಯಾಗಿ ಮೂಡಿದ ಜೆಲ್ಲಿನ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಧಾರವಾಡದಿಂದ ಬೆಂಗೇರಿಯ ಮನೆಯವರೆಗೆ ನೋಡುತ್ತಲೇ ಬಂದೆ. ದೊಡ್ಡದು ಮಾಡಿ ನೋಡಿದೆ, ಸಣ್ಣದು ಮಾಡಿ ನೋಡಿದೆ. ಒಂದೇ ಒಂದು ಗೆರೆಯಾದರೂ ಮೇಲೆ ಕೆಳಗೆ ಇರಬಾರದೇ? ಐದು ಕೆರೆ, ಕೆರೆಗೆ ಹನ್ನೆರಡು ಗಿಡ. ಗರಗದ ಕೆರೆಗೂ ಕಲಘಟಗಿ ದಾರಿಯ ಕೆರೆಗೂ ನಲವತ್ತು ಕಿಲೋಮೀಟರಿನ ಅಂತರ. ಅಲ್ಲಿಯ ಗಿಡಕ್ಕೂ ಇಲ್ಲಿಯ ಗಿಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಅಂದರೆ ಯಾರು ನಂಬುತ್ತಾರೆ? ನಾನೇ ನಂಬುವುದಿಲ್ಲ.

ಕರಿ ಜೇಕಿನ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ ಅಂದರೆ ಅಮ್ಮಿ ಈಗಲೂ ಬಂದವರ ಮುಂದೆ ‘ಹುಲ್ಲಿನ ಮ್ಯಾಲೆ ಓದಾಕತ್ತಾಳ’ ಅನ್ನುತ್ತಾಳೆ. ತಪ್ಪೇನಿಲ್ಲ, ಕೆರೆಯ ಕೆಸರಿನಲ್ಲಿ ಮೊಣಕಾಲುದ್ದ ಬೆಳೆಯುವ ಹುಲ್ಲೇ ಅದು. ನಮಗೆ ತಿಳಿದ ಮಟ್ಟಿಗೆ ಈ ಐದು ಕೆರೆ ಬಿಟ್ಟರೆ ಎಲ್ಲೂ ಇಲ್ಲ. ಅದರೊಳಗೆ ಎಷ್ಟು ಬಗೆ ಉಳಿದಿವೆ ಎಂದು ಡಿಎನ್‌ಎ ನೋಡಿ ಹೇಳುವುದು ನನ್ನ ಕೆಲಸ. ಬಗೆ ಹೆಚ್ಚಿದ್ದರೆ ರೋಗ ಬಂದಾಗ ಹತ್ತು ಸತ್ತರೂ ಎರಡು ಉಳಿಯುತ್ತವೆ. ಇರುವುದು ಒಂದೇ ಬಗೆಯಾದರೆ ಒಂದಕ್ಕೆ ಬಂದದ್ದು ಎಲ್ಲಕ್ಕೂ ಬರುತ್ತದೆ.

ಹಾಗಾಗಿ ಎರಡರಲ್ಲಿ ಒಂದು. ಐದು ಕೆರೆಯಲ್ಲೂ ಇರುವುದು ಒಂದೇ ಗಿಡ. ಇಲ್ಲವೇ, ಹುಮಾ ಎಂಬ ಜಾಣೆ ಒಂದೇ ಎಲೆಯನ್ನು ಅರವತ್ತು ಟ್ಯೂಬಿಗೂ ಹಾಕಿದ್ದಾಳೆ. ನನ್ನನ್ನು ಬಲ್ಲ ನನಗೆ ಎರಡನೆಯದನ್ನು ನಂಬುವುದೇ ಸುಲಭ.

ಮನೆಗೆ ಬಂದ ಮೇಲೆ ಲ್ಯಾಬಿನ ಫ್ರಿಜ್ಜಿನ ಬಾಗಿಲು ಹಾಕಿದೆನೋ ಇಲ್ಲವೋ ಎಂದು ಅನುಮಾನ ಬಂತು. ಜೊತೆಯಲ್ಲಿ ಕೆಲಸ ಮಾಡುವ ಶಶಿಕುಮಾರನಿಗೆ ಫೋನ್ ಮಾಡಿದೆ. ಹಾಕಿದೆ ಎಂದ. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಮಾಡಿದೆ. ಎತ್ತಲಿಲ್ಲ.

ಜುಲೈ ೯, ಬುಧವಾರ

ನನ್ನ ಗೈಡ್ ಸೌಮ್ಯಾ ಮೇಡಂ ಬಯ್ಯುವವರಲ್ಲ, ಅದೇ ತೊಂದರೆ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಚಿತ್ರ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಒಂದೇ ಪ್ರಶ್ನೆ ಕೇಳಿದರು. “ಟ್ಯೂಬಿಗೆ ಚೀಟಿ ಹಚ್ಚಿದ್ದು ಎಲಿ ಹಾಕೂಕಿಂತ ಮೊದಲೋ, ಆಮ್ಯಾಲೋ?”

ಮೊದಲು ಎಂದೆ. ಮೆಟ್ಟಿಲು ಇಳಿಯುವಷ್ಟರಲ್ಲಿ ನೆನಪೇ ಹಾರಿಹೋಯಿತು. ಮೊದಲೇ ಹಚ್ಚಿದ್ದೆನೇ? ಎಲ್ಲ ಅರವತ್ತಕ್ಕೂ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕುಂಬಳಕಾಯಿ ಕದ್ದಿಲ್ಲದಿದ್ದರೂ ಹೆಗಲು ಉಜ್ಜಿಕೊಳ್ಳುವವಳು.

ಆಗಸ್ಟ್ ೨೯ಕ್ಕೆ ಪಿಎಚ್.ಡಿ. ಕೆಲಸ ಪರಿಶೀಲಿಸುವ ಸಮಿತಿಯ ಮುಂದೆ ನಿಲ್ಲಬೇಕು. ಮೊದಲಿಂದ ಮಾಡು ಎಂದಿದ್ದಾರೆ. ಆಗಲೂ ಹೀಗೇ ಬಂದರೆ ವಿಷಯವನ್ನೇ ಬದಲಿಸುವುದು ಒಳ್ಳೆಯದಂತೆ. ಮೂರು ವರ್ಷ ನೀರಿನಲ್ಲಿ ಹೋಮ.

ಜುಲೈ ೧೫, ಮಂಗಳವಾರ

ಎರಡನೆಯ ಸಲ. ಒಂದೇ.

ಬರೀ ನೀರು ಹಾಕಿದ ಟ್ಯೂಬಿನಲ್ಲಿ ಏನೂ ಬಂದಿಲ್ಲ. ಅಂದರೆ ಬೆರಕೆ ಆಗಿಲ್ಲ. ಇದಕ್ಕೆ ನಗಬೇಕೋ ಅಳಬೇಕೋ ತಿಳಿಯದು. ನಮ್ಮ ಅಜ್ಜ, ದಾದಾ, ಊಟಕ್ಕೆ ಕರೆದರು. ಹಸಿವಿಲ್ಲ ಎಂದು ಬಾಗಿಲು ಹಾಕಿಕೊಂಡೆ. ಆಚೆ ಸ್ವಲ್ಪ ಹೊತ್ತು ನಿಂತಿದ್ದು ಹೋದರು.

ಜುಲೈ ೨೦, ಭಾನುವಾರ

ಒಂದೊಂದಾಗಿ ಬರೆಯುತ್ತೇನೆ.

ಮೂರನೆಯ ಸಲಕ್ಕೆ ಹೊಸ ಎಲೆ ತರಲು ಗರಗಕ್ಕೆ ಹೋಗಿದ್ದೆ. ಕೆರೆಯ ಪಶ್ಚಿಮದ ದಂಡೆಯಲ್ಲಿ ಜೇಕು ಹಳದಿಗೆ ತಿರುಗಿತ್ತು. ಮಳೆಗಾಲದಲ್ಲಿ ಹಳದಿ! ಒಂದನ್ನು ಹಿಡಿದು ಎಳೆದರೆ ಬೇರು ಬಿಟ್ಟು ದಂಟಷ್ಟೇ ಕೈಗೆ ಬಂತು. ಬುಡ ಕಪ್ಪಗೆ ಕೊಳೆತು ನಾರುತ್ತಿತ್ತು. ಪಕ್ಕದ್ದೂ ಹಾಗೆಯೇ, ಅದರ ಪಕ್ಕದ್ದೂ. ದಂಡೆಯ ಮೇಲೆ ಖಾದಿ ನೇಯುವ ಈರವ್ವ ಬಟ್ಟೆ ಒಗೆಯುತ್ತಿದ್ದಳು. ಪ್ರತಿ ಸಲ ನನ್ನನ್ನು ನೋಡಿ ನಗುವವಳು ಇವತ್ತು ನಗಲಿಲ್ಲ.

“ಹದಿನೈದು ದಿನ ಆತು ನೋಡವಾ. ಮೊದಲ ಆ ಮೂಲ್ಯಾಗಷ್ಟ ಇತ್ತು. ಈಗ ಇಲ್ಲೀತನಾ ಬಂದೈತಿ.”

ಕೊಳೆತದ್ದೊಂದು, ಚೆನ್ನಾಗಿದ್ದದ್ದೊಂದು ಬೇರು ಸಮೇತ ಕಿತ್ತು, ಬೇರೆ ಬೇರೆ ಪೇಪರಿನಲ್ಲಿ ಸುತ್ತಿ ಮನೆಗೆ ತಂದು ಬಚ್ಚಲಲ್ಲಿ ಇಟ್ಟೆ. ಬಟ್ಟೆ ಬದಲಿಸಿ ಬರುವಷ್ಟರಲ್ಲಿ ದಾದಾ ಬಚ್ಚಲಿಂದ ಹೊರಗೆ ಬರುತ್ತಿದ್ದಾರೆ. ಕೈಯಲ್ಲಿ ನನ್ನ ಒಳ್ಳೆಯ ಗಿಡ. ಬೇರು ತೊಳೆದಿದ್ದಾರೆ, ಒಂದೆಳೆಯನ್ನು ಬಾಯಿಗೆ ಹಾಕಿ ಹಲ್ಲಿನಲ್ಲಿ ಕಡಿಯುತ್ತಿದ್ದಾರೆ! ನಾನು ಕಿರುಚಿದ್ದಕ್ಕೆ ಅಮ್ಮಿ ಒಲೆ ಬಿಟ್ಟು ಓಡಿ ಬಂದಳು. ದಾದಾ ಮಾತ್ರ ಕಣ್ಣು ಮುಚ್ಚಿ ಇನ್ನೂ ಕಡಿಯುತ್ತಲೇ ಇದ್ದರು.

“ಗಟ್ಟಿಬೇರು,” ಎಂದರು. “ಗರಗದ ಕೆರೀದಲ್ಲೇನು?”

ನಾನು ಅಲ್ಲೇ ಕೂತುಬಿಟ್ಟೆ.

ದಾದಾ ಕುಂಚ ಮಾಡುತ್ತಿದ್ದರು. ಗರಗದಲ್ಲಿ ಹುಟ್ಟಿದವರು, ಮನೆಯಲ್ಲೂ ಕನ್ನಡವನ್ನೇ ಹೆಚ್ಚು ಆಡುತ್ತಾರೆ. ಮಗ್ಗಕ್ಕೆ ಏರಿಸುವ ಮೊದಲು ನೂಲಿಗೆ ಗಂಜಿ ಹಚ್ಚಲು ನೇಕಾರರಿಗೆ ಒಂದು ದೊಡ್ಡ ಕುಂಚ ಬೇಕು. ಅದನ್ನು ಕಟ್ಟಿ, ಸೈಕಲ್ಲಿನ ಮೇಲೆ ಊರೂರಿಗೆ ಒಯ್ದು ಮಾರುತ್ತಿದ್ದರು. ಆಮೇಲೆ ಅವರ ಮಗ, ನನ್ನ ಅಬ್ಬಾ, ದುರ್ಗದಬೈಲಿನ ಪೇಟೆಯಲ್ಲಿ ಬಣ್ಣದ ಬ್ರಷ್ಷಿನ ಅಂಗಡಿ ಇಟ್ಟರು. ವಿಭಾಗದಲ್ಲಿ ಯಾರಾದರೂ ಕೇಳಿದರೆ ಅಂಗಡಿಯ ಮಾತು ಹೇಳುತ್ತೇನೆ, ಸೈಕಲ್ಲಿನ ಮಾತು ಹೇಳುವುದಿಲ್ಲ. ಕೊನೆಯ ಕುಂಚವೊಂದು ಅಟ್ಟದ ಮೇಲಿದೆ. ಅದು ಯಾವುದರ ಬೇರು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ನಾನು ಏನು ಓದುತ್ತೇನೆ ಎಂದು ಅವರು ಕೇಳಿದಾಗಲೆಲ್ಲ ಲ್ಯಾಟಿನ್ ಹೆಸರು ಹೇಳಿ ಮುಗಿಸಿದ್ದೆ. ಮನೆಗೆ ತಂದದ್ದು ಒಣಗಿದ ಎಲೆಯ ಚೂರುಗಳನ್ನು ಮಾತ್ರ. ಮೂರು ವರ್ಷ ಒಂದೇ ದಸ್ತರಖಾನದ ಮೇಲೆ ಕೂತು ಉಂಡಿದ್ದೇವೆ.

ಜುಲೈ ೨೬, ಶನಿವಾರ

ವಾರವೆಲ್ಲ ಕೇಳಲೋ ಬೇಡವೋ ಎಂದು ಒದ್ದಾಡಿ ಇವತ್ತು ದಾದಾರನ್ನು ಕೂರಿಸಿಕೊಂಡು ಕೇಳಿದೆ. ಯಾರಾದರೂ ಕೇಳಲಿ ಎಂದು ನಲವತ್ತು ವರ್ಷ ಕಾದಿದ್ದವರ ಹಾಗೆ ಹೇಳಿದರು. ಚಹಾ ಎರಡು ಸಲ ತಣ್ಣಗಾಯಿತು.

ಅವರ ಅಪ್ಪ ಹಾಕಿದ ಕಟ್ಟಳೆ ಇದು: ಹತ್ತು ಬೇರು ಕಿತ್ತರೆ ಒಂದನ್ನು ತಿರುಗಿ ಊರಬೇಕು. ಊರದೆ ಮನೆಗೆ ಬಂದವನಿಗೆ ಅವತ್ತು ರೊಟ್ಟಿ ಇಲ್ಲ. ಯಾವುದನ್ನು ಊರುವುದು? ಹಲ್ಲಿನಲ್ಲಿ ಕಡಿದು ನೋಡಬೇಕು. ಕಿರಗುಟ್ಟಿಯೂ ಮುರಿಯದೆ ಇದ್ದರೆ ಗಟ್ಟಿಬೇರು. ಅದರ ಕುಂಚ ಮೂರು ವರ್ಷ ಬಾಳುತ್ತದೆ. ಮೆತ್ತನೆಯ ಬೇರು ಗಂಜಿಯಲ್ಲಿ ನೆನೆದು ಮಲಗಿಬಿಡುತ್ತದೆ, ನೂಲಿನ ಮೇಲೆ ಗಂಟು ಬೀಳಿಸುತ್ತದೆ, ನೇಕಾರ ಅದೇ ಕುಂಚವನ್ನು ತಿರುಗಿ ಮುಖಕ್ಕೆ ಒಗೆಯುತ್ತಾನೆ. ಅದಕ್ಕೆ ಗಟ್ಟಿಯದನ್ನೇ ಊರುವುದು, ಮೆತ್ತನೆಯದನ್ನು ಬುಡಸಹಿತ ಕಿತ್ತು ಹೊರಗೆ ಹಾಕುವುದು. ಎಲ್ಲಕ್ಕಿಂತ ಗಟ್ಟಿ ಗರಗದ ಕೆರೆಯಲ್ಲಿ ಸಿಕ್ಕಿತಂತೆ. ಅದರ ಸಸಿಗಳನ್ನು ಒದ್ದೆ ಚೀಲದಲ್ಲಿ ಸುತ್ತಿ, ಸೈಕಲ್ಲಿಗೆ ಕಟ್ಟಿ ಉಳಿದ ನಾಲ್ಕೂ ಕೆರೆಗೆ ಒಯ್ದರು. ಮೊದಲು ಅವರಪ್ಪ, ಆಮೇಲೆ ಇವರು.

“ಐದೂ ಕೆರಿ ನಾ ಕೈಯಾರೆ ಹಸನ ಮಾಡೇನಿ, ಬೇಟಾ,” ಎಂದರು. ಮುಖದಲ್ಲಿ ಎಂಥ ಹೆಮ್ಮೆ!

ಟ್ಯೂಬು ಅದಲುಬದಲಾಗಿಲ್ಲ. ಚೀಟಿ ಸರಿಯಾಗಿತ್ತು. ನನ್ನ ತಪ್ಪಲ್ಲ, ನನ್ನ ತಪ್ಪಲ್ಲ, ನನ್ನ ತಪ್ಪಲ್ಲ. ಇದನ್ನು ಬರೆದು ಕುಣಿಯಬೇಕಿತ್ತು. ಆದರೆ ಗರಗದ ಆ ಕಪ್ಪು ಬುಡ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಐದೂ ಕೆರೆಯಲ್ಲಿರುವುದು ಖರೇ ಅಂದರೂ ಒಂದೇ ಗಿಡ.

ಮೇಡಂಗೆ ಮೇಲ್ ಬರೆದೆ. ‘ಹಿಂದೆ ಸ್ಥಳೀಯ ಕುಶಲಕರ್ಮಿಗಳು’ ಎಂದು ಬರೆದೆ. ಕಳಿಸುವ ಮೊದಲು ಐದು ಸಲ ಓದಿದೆ.

ಆಗಸ್ಟ್ ೩, ಭಾನುವಾರ

ರೋಗ ಎರಡನೆಯ ಕೆರೆಗೂ ಬಂದಿದೆ. ಬರುವ ನೀರು ಅದೇ ಹಳ್ಳದ್ದು, ಬಾರದೆ ಏನಾಗುತ್ತದೆ.

ಇನ್ನೊಂದು ಗಂಟೂ ಬಿಚ್ಚಿತು. ಮೂರು ವರ್ಷದಿಂದ ನಾನು ಕೊಯ್ದ ಯಾವ ತೆನೆಯಲ್ಲೂ ಒಂದು ಕಾಳಿಲ್ಲ, ಬರೀ ಹೊಟ್ಟು. ಯಾಕೆ ಎಂದು ಊಹಿಸಿ ಹದಿನೆಂಟು ಪುಟ ಬರೆದಿದ್ದೇನೆ. ಈ ಗಿಡ ತನ್ನದೇ ಪರಾಗದಿಂದ ಕಾಳು ಕಟ್ಟುವುದಿಲ್ಲ, ಬೇರೆ ಬಗೆಯದು ಬೇಕು. ಬೇರೆ ಬಗೆಯೇ ಇಲ್ಲದಿದ್ದರೆ ಕಾಳು ಎಲ್ಲಿಂದ ಬರಬೇಕು? ಇರುವುದು ಸತ್ತರೆ ಮುಗಿಯಿತು.

ಅವತ್ತಿನಿಂದ ದಾದಾ ದಿನಾ ಸಂಜೆ ‘ನನ್ನ ಕೆರಿ ಹ್ಯಾಂಗದಾವು’ ಎಂದು ಕೇಳುತ್ತಾರೆ. ಛಲೋ ಅದಾವು ಎನ್ನುತ್ತಿದ್ದೆ. ಇವತ್ತು ಕೆಸರು ಕಾಲಿನಲ್ಲಿ ಮನೆಗೆ ಬಂದವಳಿಗೆ ಮತ್ತೆ ಅದನ್ನೇ ಕೇಳಿದರು. ಎಲ್ಲಿತ್ತೋ ಸಿಟ್ಟು.

“ಎಲ್ಲಾ ಒಂದ ಗಿಡ ಮಾಡಿ ಇಟ್ಟೀರಿ, ದಾದಾ. ಒಂದಕ್ಕ ಬಂದ ರೋಗ ಎಲ್ಲಾಕ್ಕೂ ಬರತೈತಿ. ಹಿಂಗಾದ್ರ ಒಂದೂ ಉಳಿಯೂದಿಲ್ಲ.”

ಅವರು ನನ್ನ ಕಡೆ ತಿರುಗಿದರು. “ಎಲ್ಲಾ ಅಂದ್ರ, ಎಲ್ಲಾನೂ?”

ಹೂಂ ಎಂದೆ. ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದರು.

ನಾನು ಹೇಳಿದ್ದು ಸುಳ್ಳೇನಲ್ಲ.

ಆಗಸ್ಟ್ ೬, ಬುಧವಾರ

ದಾದಾ ಮೂರು ದಿನದಿಂದ ಹೊತ್ತಿಗೆ ಅರ್ಧ ರೊಟ್ಟಿ ತಿನ್ನುತ್ತಿದ್ದಾರೆ. ಅಟ್ಟದ ಮೇಲಿನ ಕುಂಚವನ್ನು ಇಳಿಸಿಕೊಂಡು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ. ಎಂಬತ್ತನಾಲ್ಕು ವರ್ಷದ ಮನುಷ್ಯನಿಗೆ ಏನು ಹೇಳಿದೆ ನೀನು ಎಂದು ಅಮ್ಮಿ ಕೇಳಿದಳು. ಹೇಳಿದೆ. ಅವಳು ಹಿಟ್ಟಿನ ಕೈ ತೊಳೆದುಕೊಂಡು ನನ್ನನ್ನೇ ನೋಡಿದಳು.

ಮಾಫಿ ಕೇಳಬೇಕೆಂದು ಎರಡು ಸಲ ಅವರ ಕೋಣೆಯವರೆಗೆ ಹೋಗಿ ಬಂದೆ. ಗ್ಯಾಸ್ ನಾಲ್ಕು ಸಲ ನೋಡಿದೆ. ಬಂದಾಗಿತ್ತು.

ಆಗಸ್ಟ್ ೮, ಶುಕ್ರವಾರ

ಜುಮ್ಮಾ ನಮಾಜು ಮುಗಿಸಿ ಬಂದ ದಾದಾ ನನ್ನ ಕೋಣೆಯ ಬಾಗಿಲಲ್ಲಿ ನಿಂತರು. ಅವರು ಹಾಗೆ ಬರುವವರಲ್ಲ. ನಾನು ತಟ್ಟನೆ ಎದ್ದು ನಿಂತೆ.

“ಒಗದಿದ್ದು ನಡೀತಾವೇನು?” ಎಂದರು.

ಏನು ಒಗೆದದ್ದು ಎಂದೆ. ಮೆತ್ತನೆಯವು ಎಂದರು. ಕೆರೆಯ ದಂಡೆಗೆ ಒಗೆದರೆ ಮತ್ತೆ ಚಿಗುರುತ್ತವೆ ಎಂದು ಚೀಲ ತುಂಬಿ ಮನೆಗೇ ತರುತ್ತಿದ್ದರಂತೆ. ಹಿತ್ತಲಲ್ಲಿ ಕೂತು ಆರಿಸಿ, ಕೆಲಸಕ್ಕೆ ಬಾರದ್ದನ್ನು ಮನೆಯ ಹಿಂದಿನ ಇಟ್ಟಿಗೆ ಭಟ್ಟಿಯ ತಗ್ಗಿಗೆ ಸುರಿಯುತ್ತಿದ್ದರಂತೆ. ಐದೂ ಕೆರೆಯದು. ಐವತ್ತು ವರ್ಷದ್ದು.

ಆ ತಗ್ಗು! ಬಸ್ಸಿಗೆ ಹೋಗುವಾಗ ದಿನಾ ದುಪಟ್ಟಾ ಮೂಗಿಗೆ ಹಿಡಿದು ದಾಟುವ ತಗ್ಗು!

ದಾದಾರ ಕೈ ಹಿಡಿದುಕೊಂಡು ಹೋದೆ. ರಸ್ತೆಯ ಕಡೆಯ ಅರ್ಧ ತಗ್ಗು ಮುಚ್ಚಿಹೋಗಿದೆ, ಒಡೆದ ಮನೆಗಳ ಮಣ್ಣು, ಟೈಲ್ಸಿನ ಚೂರು. ಪ್ಲಾಟು ಮಾಡುತ್ತಾರಂತೆ. ಉಳಿದರ್ಧದಲ್ಲಿ ಗಟಾರದ ನೀರು. ಜಾಲಿ ಕಂಟಿಯ ಆಚೆ, ರಸ್ತೆಯಿಂದ ಕಾಣದ ಮೂಲೆಯಲ್ಲಿ ಹಸಿರಿತ್ತು. ಮೂರು ವರ್ಷ ಅದೊಂದನ್ನೇ ಎಣಿಸಿದವಳು ನಾನು, ದೂರದಿಂದಲೇ ಗೊತ್ತಾಯಿತು. ಹತ್ತಿರ ಹೋದರೆ ಒಂದು ಸೊಂಟದುದ್ದ, ಒಂದು ಗೇಣುದ್ದ. ಒಂದರ ದಂಟು ಕೆಂಪು, ಇನ್ನೊಂದರ ಎಲೆ ಅಗಲ. ಒಂದರ ಹಾಗೆ ಒಂದಿಲ್ಲ. ನನಗೆ ಅಳು ಬಂತು. ದಾದಾಗೆ ಕಣ್ಣು ಮಸುಕು, ಇದೆಯೋ ಇಲ್ಲವೋ ಹೇಳು ಎಂದು ಮೂರು ಸಲ ಕೇಳಿದರು. ಅದಾವು ದಾದಾ, ಅದಾವು ಎಂದೆ.

ಟ್ರ್ಯಾಕ್ಟರಿನವ ಮಣ್ಣು ಸುರಿಯುತ್ತಿದ್ದ, ಹೆಸರು ಫಕೀರಪ್ಪ. ಆ ಮೂಲೆಯನ್ನು ಯಾವಾಗ ಮುಚ್ಚುತ್ತೀರಿ ಎಂದು ಕೇಳಿದೆ. ನಾಳೆ ಮುಂಜಾನೆ ಎಂದ.

ಅಮ್ಮಿಗೆ ಹೇಳಿದರೆ ನಗುತ್ತಾಳೆ. “ಬೆಣ್ಣಿ ಕೈಯಾಗ ಇಟಕೊಂಡು ತುಪ್ಪಕ್ಕ ಊರೆಲ್ಲಾ ಅಡ್ಡ್ಯಾಡಿದ್ರಂತ.” ನಗುವ ಹೊತ್ತೇ ಇದು? ಬಕೀಟು ಎಷ್ಟಿವೆ ನೋಡಬೇಕು.

ಆಗಸ್ಟ್ ೯, ಶನಿವಾರ

ಬೆಳಕು ಹರಿಯುತ್ತಲೇ ಮೇಡಂಗೆ ಫೋನ್ ಮಾಡಿದೆ. ಆ ಜಾಗ ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು.

“ನಮ್ಮ ದಾದಾ ಕುಂಚ ಮಾಡತಿದ್ರು, ಮೇಡಂ. ಸೈಕಲ್ ಮ್ಯಾಲೆ ಮಾರತಿದ್ರು. ಬೇರು ಒಗದಿದ್ದು ಅವ್ರ.”

ನಾ ಬರತೇನಿ, ಅವರಿಗೆ ತ್ರಾಸ ಕೊಡಬ್ಯಾಡ ಎಂದು ಫೋನ್ ಇಟ್ಟರು. ಏಳೂವರೆಗೆ ಕಾರಿನ ಹಿಂದೆಲ್ಲ ಕುಂಡ ತುಂಬಿಕೊಂಡು ಶಶಿಕುಮಾರನ ಜೊತೆ ಬಂದೇಬಿಟ್ಟರು.

ಅಷ್ಟರಲ್ಲಿ ನಾನು ಮೊಣಕಾಲವರೆಗೆ ಗಟಾರದಲ್ಲಿದ್ದೆ. ಅಮ್ಮಿ ಸಲ್ವಾರ್ ಮೇಲೆ ಸಿಕ್ಕಿಸಿಕೊಂಡು ಬಕೀಟು ಹೊರುತ್ತಿದ್ದಳು. ಫಕೀರಪ್ಪ ಟ್ರ್ಯಾಕ್ಟರ್ ನಿಲ್ಲಿಸಿ ಒಂದು ತಾಸು ಕಾದ. ಹುಲ್ಲಿಗೆ ಇಷ್ಟು ಜನ ಏನ್ರಿ ಎಂದು ಕೇಳಿ, ಆಮೇಲೆ ತನ್ನ ಸಲಿಕೆಯನ್ನೇ ತೆಗೆದುಕೊಂಡು ಇಳಿದ.

ದಾದಾರನ್ನು ಕಲ್ಲಿನ ಮೇಲೆ ಕೂರಿಸಿದ್ದೆವು. ಕಿತ್ತದ್ದನ್ನೆಲ್ಲ ಅವರ ಕೈಗೆ ಕೊಡುವುದು, ಅವರು ಬುಡಕ್ಕೆ ಒದ್ದೆ ಗೋಣಿಯ ಚೂರು ಸುತ್ತುವುದು. ಮೊದಲನೆಯದು ನೇರ ಬಾಯಿಗೆ ಹೋಯಿತು. ಗಟಾರದ್ದು ಎಂದು ಕೈ ಹಿಡಿದೆ. ಎರಡನೆಯದನ್ನು ಬೆರಳಲ್ಲಿ ಬಗ್ಗಿಸಿ ನೋಡಿ, ಮೆತ್ತಗೈತಿ ಎಂದು ಗೊಣಗಿ ಪಕ್ಕಕ್ಕೆ ಒಗೆದೇಬಿಟ್ಟರು. ಒಗೆದ ಮೇಲೆ ನೆನಪಾಯಿತು. ಬಗ್ಗಿ, ಮಣ್ಣಿನಲ್ಲಿ ಕೈಯಾಡಿಸಿ ಹುಡುಕಿ, ಅದನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. ನಾನು ಬೇರೆ ಕಡೆ ನೋಡಿದೆ.

ಇಪ್ಪತ್ಮೂರು ಬುಡ ಸಿಕ್ಕವು. ಒಂಬತ್ತೂವರೆಗೆ ಮೂಲೆ ಮುಚ್ಚಿತು. ರಾತ್ರಿ ದಾದಾ ಎರಡು ರೊಟ್ಟಿ ತಿಂದರು. ಮಾಫಿ ಕೇಳಿದೆ. ಯಾವುದಕ್ಕೆ ಎಂದರು.

ಆಗಸ್ಟ್ ೨೯, ಶುಕ್ರವಾರ

ಸಮಿತಿ ಮುಗಿಯಿತು. ಇಪ್ಪತ್ಮೂರರಲ್ಲಿ ಹದಿನೇಳು ಬಗೆ. ಐದು ಕೆರೆ ಕೂಡಿ ಒಂದು, ಒಂದು ಗಟಾರದಲ್ಲಿ ಹದಿನೇಳು. ತಗ್ಗಿನಲ್ಲಿ ತಮ್ಮತಮ್ಮಲ್ಲೇ ಕೂಡಿ ಕಾಳು ಕಟ್ಟಿ ಬೆಳೆದಿರಬೇಕು.

ಗಿಡಗಳ ಪಟ್ಟಿಯಲ್ಲಿ ‘ಸಂಗ್ರಹಿಸಿದವರು’ ಎಂಬ ಕಾಲಂ ಖಾಲಿ ಉಳಿದಿತ್ತು. ‘ಮೌಲಾಲಿ, ಕುಂಚ ಮಾಡುವವರು, ಬೆಂಗೇರಿ’ ಎಂದು ದಾದಾರ ಹೆಸರು ತುಂಬಿದೆ. ಯಾರೋ ಅದರ ಬಗ್ಗೆ ಕೇಳಿದರು, ಉತ್ತರ ಉದ್ದವಾಯಿತು, ಚಹಾದವನು ಬಂದು ನಿಂತ.

ಗರಗದಲ್ಲಿ ಈಗ ಒಂದೂ ಇಲ್ಲ. ಈರವ್ವ ಫೋನ್ ಮಾಡಿ ಹೇಳಿದಳು.

ಸೆಪ್ಟೆಂಬರ್ ೨೪, ಬುಧವಾರ

ನಾಲ್ಕು ಕೆರೆ ಹೋದವು. ಕಲಘಟಗಿ ದಾರಿಯ ಕೊನೆಯ ಕೆರೆಯಿಂದ, ರೋಗ ಮುಟ್ಟುವ ಮೊದಲೇ ತಂದ ಒಂದೇ ಒಂದು ಗಟ್ಟಿಬೇರಿನ ಕುಂಡ ನಮ್ಮ ಮಾಳಿಗೆಯ ಮೇಲಿದೆ. ಅದು ಬಾಡಿದರೆ ಎಂಬ ಯೋಚನೆಯಲ್ಲಿ ದಿನಾ ನಸುಕಿಗೇ ಎಚ್ಚರವಾಗುತ್ತದೆ. ಮೇಡಂ ಲ್ಯಾಬಿನಲ್ಲಿ ತಗ್ಗಿನ ಗಿಡಗಳ ಸಸಿಗಳಿಗೆ ಬೇಕೆಂದೇ ಆ ರೋಗ ಹಚ್ಚಿ ನೋಡಿದರು. ಹದಿನೇಳರಲ್ಲಿ ಹನ್ನೊಂದು ಬಗೆ ಕೊಳೆತವು. ಆರು ನಿಂತಿವೆ, ಏನೂ ಆಗದವರ ಹಾಗೆ.

ಆ ಆರರ ತೆನೆಯಿಂದ ಪರಾಗ ತೆಗೆದು ಗಟ್ಟಿಬೇರಿನ ತೆನೆಗೆ ಹಚ್ಚಬೇಕು. ನನ್ನ ಕೈ ನಡುಗುತ್ತದೆ, ಅರ್ಧ ನೆಲಕ್ಕೆ ಬೀಳುತ್ತದೆ. ದಾದಾ ನೋಡುತ್ತಾ ಕೂತಿದ್ದವರು ಒಳಗೆ ಹೋಗಿ ಅಟ್ಟದ ಕುಂಚದಿಂದ ಏಳೆಂಟು ಎಳೆ ಕಿತ್ತು, ಖಾದಿ ನೂಲಿನಲ್ಲಿ ಬಿಗಿದು ಕಿರುಬೆರಳುದ್ದದ ಒಂದು ಕುಂಚ ಕಟ್ಟಿ ತಂದರು. ಕಣ್ಣು ಕಾಣದಿದ್ದರೂ ಗಂಟು ಸರಿಯಾಗಿ ಬಿದ್ದಿತ್ತು. ಆಮೇಲೆ ಅವರೇ ಹಚ್ಚಿದರು. ನಾನು ಕುಂಡ ಹಿಡಿದು ‘ಇಲ್ಲಿ, ಇನ್ನ ಸ್ವಲ್ಪ ಮ್ಯಾಲೆ’ ಎನ್ನುವುದು, ಅವರು ಗಂಜಿ ಎಳೆದ ಹಾಗೆ ಹಗುರಾಗಿ ಎಳೆಯುವುದು.

ಶಶಿಕುಮಾರ ಫೋನ್ ಮಾಡಿ, ನಿನ್ನೆ ಫ್ರಿಜ್ಜಿನ ಬಾಗಿಲು ತೆರೆದಿಟ್ಟು ಹೋಗಿದ್ದಿ ಎಂದ. ಹಾಕಿದೆಯಾ ಎಂದೆ. ಹಾಕಿದೆ ಎಂದ. ಸರಿ ಎಂದೆ.

ನವೆಂಬರ್ ೧೬, ಭಾನುವಾರ

ಐದನೆಯ ಕೆರೆಯೂ ಹೋಗಿ ಇಪ್ಪತ್ತು ದಿನ. ಅದಕ್ಕೇ ಬರೆಯಲು ಕೈ ಏಳಲಿಲ್ಲ.

ಇವತ್ತು ಗಟ್ಟಿಬೇರಿನ ತೆನೆ ಕೊಯ್ದೆ. ಬಿಳಿ ತಟ್ಟೆಯ ಮೇಲೆ ಬ್ಲೇಡಿನಿಂದ ಬಿಡಿಸಿದೆ. ಹೊಟ್ಟು, ಹೊಟ್ಟು, ಹೊಟ್ಟು. ಮೂರು ವರ್ಷದ ಹೊಟ್ಟು ನೆನಪಾಯಿತು. ಆಮೇಲೆ ಬ್ಲೇಡಿನ ತುದಿಗೆ ಏನೋ ತಟ್ಟಿತು. ಎಳ್ಳಿಗಿಂತ ಸಣ್ಣದು, ಕಂದು, ಉರುಟು. ಪೂರ್ತಿ ಬಿಡಿಸುವಷ್ಟರಲ್ಲಿ ಏಳು ಕಾಳು.

ದಾದಾರ ಅಂಗೈ ಬಿಡಿಸಿ ಏಳನ್ನೂ ಹಾಕಿದೆ. ಅವರಿಗೆ ಕಾಣಲಿಲ್ಲ, ಬೆರಳ ತುದಿಯಲ್ಲಿ ಒಂದೊಂದನ್ನೇ ಮುಟ್ಟಿ ಎಣಿಸಿದರು. ಎಣಿಸಿ, ಒಂದನ್ನು ಎರಡು ಬೆರಳಲ್ಲಿ ಎತ್ತಿ ಬಾಯಿಯ ಹತ್ತಿರಕ್ಕೆ ಒಯ್ದರು. ನನಗೆ ಜೀವವೇ ಹೋಯಿತು.

“ಕಡಿಯೂದಿಲ್ಲ, ಬೇಟಾ,” ಎಂದರು. “ಗಟ್ಟಿ ಐತೋ ಮೆತ್ತಗೈತೋ, ಇನ್ನ ನಾ ನೋಡೂದಿಲ್ಲ.”

ಕಾಳನ್ನು ತುಟಿಗೆ ಒಮ್ಮೆ ಮುಟ್ಟಿಸಿ ಉಳಿದವುಗಳ ಜೊತೆಗೆ ಇಟ್ಟರು. ಆಮೇಲೆ ಅಮ್ಮಿಯನ್ನು ಕರೆದು ಏಳು ಕುಂಡ ಬೇಕು ಎಂದರು. ಬಂದದ್ದು ಹೇಗೇ ಇರಲಿ, ಒಂದನ್ನೂ ಒಗೆಯಬಾರದಂತೆ.